ಮೊದಲು ತೆರೆಯಬೇಕಾದ ಬಿರಡೆ

ಶಾಲೆಯ ವಾರ್ಷಿಕ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳಾದ ನಾವು ಒಂದು ಲೇಖನವನ್ನು ಕಳುಹಿಸಬೇಕೆಂದು ಸಂಪಾದಕರು ಪತ್ರ ಬರೆದಾಗ, ನಾವು ಅಣ್ಣತಮ್ಮಂದಿರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಕೋಲ್ಕತ್ತದಲ್ಲಿ ನೆಲಸಿರುವವರು ಹೌರಾ ಸೇತುವೆಯನ್ನೋ ವಿಕ್ಟೋರಿಯಾ ಸ್ಮಾರಕವನ್ನೋ ದುರ್ಗಾಪೂಜೆಯ ವೈಭವವನ್ನೋ ವರ್ಣಿಸಿ ಬರೆಯುವುದು ವಾಡಿಕೆ. ಅವುಗಳ ಸಂಗತಿಯನ್ನು ನೀವು ಬೇರೆ ಕಡೆಗಳಲ್ಲಿ ಬೇಕಾದಷ್ಟು ಓದಬಹುದು. ಆದುದರಿಂದ ನಾವು ನಮ್ಮ ಮನೆಯ ಹಳೆಯ ಜೀಪಿನ ಹೊಟ್ಟೆಯೊಳಗಿನ ಎಣ್ಣೆಯನ್ನು ಕುರಿತು ಬರೆಯಲು ನಿಶ್ಚಯಿಸಿದೆವು. ಇದು ನಗಿಸುವುದಕ್ಕೆಂದು ಆರಿಸಿಕೊಂಡ ವಿಷಯವಲ್ಲ. ಆ ಎಣ್ಣೆಯ ವಿಚಾರದಲ್ಲಿ ನಾವು ಆಡಿದ ಒಂದು ಸುಳ್ಳೂ ಅದು ಬಯಲಾದ ಬಗೆಯೂ ಇದರಲ್ಲಿ ಸೇರಿವೆ.

ನಮ್ಮ ತಂದೆಯವರು ೧೯೭೪ರಲ್ಲಿ ಚಹಾ ಕಂಪನಿಯೊಂದರ ಲೆಕ್ಕಪತ್ರ ವಿಭಾಗದ ಕೆಲಸಕ್ಕಾಗಿ ಕೋಲ್ಕತ್ತಕ್ಕೆ ಬಂದವರು. ಮಕ್ಕಳು ಕನ್ನಡದಲ್ಲಿಯೇ ಓದಬೇಕೆಂಬುದು ಅವರ ಹಟವಾಗಿದ್ದುದರಿಂದ ನಾವಿಬ್ಬರೂ ಅಜ್ಜನ ಮನೆಯಲ್ಲಿದ್ದುಕೊಂಡು ನಿಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ, ಅನಂತರ ತಂದೆತಾಯಿಗಳ ಬಳಿಗೆ ಹೋದೆವು. ನಮ್ಮ ಮನೆಯಿರುವುದು ದಕ್ಷಿಣ ಕೋಲ್ಕತ್ತದ ಲೇಕ್ ಮಾರ್ಕೆಟ್ಟಿನ ಸಮೀಪದಲ್ಲಿ. ದಕ್ಷಿಣದೇಶದವರು ಬಹುಕಾಲದಿಂದ ನೆಲಸಿರುವ ಕೇರಿಯಾದುದರಿಂದ ಅಲ್ಲಿ ಕರಿಬೇವಿಗೂ ಬಾಳೆಯೆಲೆಗೂ ಕಾಫಿಯ ಪುಡಿಗೂ ಕೊರತೆಯಿಲ್ಲ.

ಜೀಪು ನಮ್ಮ ಮನೆಗೆ ಬಂದುದು ೧೯೮೨ರಲ್ಲಿ. ಉತ್ತರ ಬಂಗಾಳದ ಡೂಆರ್ಸ್ ಸೀಮೆಯ ಚಹಾತೋಟವೊಂದರಲ್ಲಿ ದುಡಿದು ಹಳತಾಗಿದ್ದ ಅದನ್ನು ತಂದೆಯವರು ಹರಾಜಿನಲ್ಲಿ ಕೊಂಡರು. ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಮುಂಬಯಿಯ ಮಹೀಂದ್ರ ಸಂಸ್ಥೆಯವರು ೧೯೪೭ರಿಂದ ನಮ್ಮ ದೇಶದಲ್ಲಿ ಜೋಡಿಸತೊಡಗಿದರಷ್ಟೆ. ಆ ವಂಶದ ಪೆಟ್ರೋಲ್ ಜೀಪು ಇದು. ಇದರೊಡನೆ ತಂದೆಯವರು ಒಂದು ದಪ್ಪ ಲೆಕ್ಕದ ಪುಸ್ತಕವನ್ನೂ ತೆರೆದರು. ಯಾವ ದಿನ ಯಾವ ಎಣ್ಣೆ, ಎಷ್ಟು ಅಳತೆ, ಎಷ್ಟು ಬೆಲೆ ಎಂಬುದೆಲ್ಲ ಅದರಲ್ಲಿ ನಮೂದಾಗುತ್ತ ಬಂದಿದೆ. ಕೆಲವು ವರ್ಷಗಳಿಂದ ಗ್ಲಾಕೋಮಾ ರೋಗವು ಅವರ ದೃಷ್ಟಿಯನ್ನು ಬಹುಮಟ್ಟಿಗೆ ಕಸಿದುಕೊಂಡಿರುವುದರಿಂದ ಈಗ ಅವರು ಹೇಳುತ್ತಾರೆ, ನಾವು ಬರೆಯುತ್ತೇವೆ.

ಮುಂದಿನ ಕಥೆ ತಿಳಿಯಬೇಕಾದರೆ ಜೀಪಿನ ಹೊಟ್ಟೆಯ ಮೂರು ಪೆಟ್ಟಿಗೆಗಳ ಪರಿಚಯವಾಗಬೇಕು. ಈ ಗಾಡಿಯಲ್ಲಿ ಎಂಜಿನ್ನಿನ ಶಕ್ತಿ ನಾಲ್ಕು ಗಾಲಿಗಳಿಗೂ ಹೋಗಬಲ್ಲುದು. ಗೇರ್ ಪೆಟ್ಟಿಗೆಯ ಬೆನ್ನಿಗೆ ಅಂಟಿಕೊಂಡಿರುವ ಟ್ರಾನ್ಸ್‌ಫರ್ ಪೆಟ್ಟಿಗೆಯು ಆ ಶಕ್ತಿಯನ್ನು ಹಂಚಿ, ಒಂದು ಪಾಲನ್ನು ಮುಂದಿನ ಅಚ್ಚಿಗೂ ಮತ್ತೊಂದನ್ನು ಹಿಂದಿನ ಅಚ್ಚಿಗೂ ಕಳುಹಿಸುತ್ತದೆ. ಪ್ರತಿಯೊಂದು ಅಚ್ಚಿನಲ್ಲಿಯೂ ಕುಂಬಳಕಾಯಿಯಂತೆ ಉಬ್ಬಿದ ಒಂದು ಎರಕದ ಗೂಡುಂಟು, ಅದರೊಳಗಿರುವುದೇ ಡಿಫರೆನ್ಷಿಯಲ್.

ಇದರ ಕೆಲಸವೇನು? ನಿಮ್ಮಲ್ಲಿ ಕೆಲವರು ಹಳ್ಳಿಯ ಕಣದಲ್ಲಿ ಹಂತಿ ಹೊಡೆಯುವುದನ್ನು ಕಂಡಿರಬಹುದು. ಕಾಣದವರು ಅಜ್ಜ ಅಜ್ಜಿಯರನ್ನು ಕೇಳಿ ತಿಳಿಯಬಹುದು. ಮೇಟಿಯ ಕಂಬದ ಸುತ್ತ ಎತ್ತುಗಳನ್ನು ಸಾಲಾಗಿ ಕಟ್ಟಿ ತಿರುಗಿಸುವಾಗ, ಕಂಬದ ಮಗ್ಗುಲಿನ ಎತ್ತು ನಿಂತಲ್ಲಿಯೇ ತಿರುಗುವಂತೆ ತೋರಿದರೆ, ಹೊರಗಿನ ಎತ್ತು ಬಿರುನಡಿಗೆಯಲ್ಲಿ ಸುತ್ತಬೇಕು. ಗಾಡಿ ತಿರುವಿನಲ್ಲಿ ತಿರುಗುವಾಗ ಒಳಗಿನ ಗಾಲಿಯದೂ ಹೊರಗಿನ ಗಾಲಿಯದೂ ಇದೇ ಪಾಡು. ನಮ್ಮ ಜೀಪಿನ ಎಡಬಲದ ಗಾಲಿಗಳ ನಡುವೆ ಇರುವ ಅಂತರ ಸುಮಾರು ೧.೨ ಮೀಟರ್. ಒಂದು ಪೂರ್ಣ ಸುತ್ತು ತಿರುಗಿದರೆ ಹೊರಗಿನ ಗಾಲಿಯು ಒಳಗಿನದಕ್ಕಿಂತ ಸುಮಾರು ೭.೫ ಮೀಟರ್ ಹೆಚ್ಚು ಓಡಿರುತ್ತದೆ. ಸುತ್ತು ದೊಡ್ಡದಾಗಲಿ ಚಿಕ್ಕದಾಗಲಿ ಈ ವ್ಯತ್ಯಾಸ ಬದಲಾಗದು. ಏಕೆಂಬುದನ್ನು ವೃತ್ತದ ಪರಿಧಿಯ ಸೂತ್ರ ಬಲ್ಲ ನೀವೇ ಸಾಧಿಸಿ ನೋಡಿರಿ. ಎರಡೂ ಗಾಲಿಗಳನ್ನು ಒಂದೇ ಗಟ್ಟಿ ಸರಳಿಗೆ ಬಿಗಿದಿದ್ದರೆ ಒಂದು ರಸ್ತೆಯನ್ನು ಕೆರೆಯುತ್ತ ಜಾರಬೇಕಾಗುತ್ತಿತ್ತು. ಎರಡಕ್ಕೂ ಶಕ್ತಿಯನ್ನು ಕೊಡುತ್ತಲೇ, ಬೇರೆ ಬೇರೆ ವೇಗದಲ್ಲಿ ತಿರುಗಲು ಸ್ವಾತಂತ್ರ್ಯವನ್ನೂ ಕೊಡುವ ಹಲ್ಲುಚಕ್ರಗಳ ಕೂಟವೇ ಡಿಫರೆನ್ಷಿಯಲ್. ಫ್ರಾನ್ಸ್ ದೇಶದ ಪೆಕ್ಯೂರ್ ಎಂಬ ಕುಶಲಕರ್ಮಿಯು ೧೮೨೦ರ ದಶಕದ ಕೊನೆಯಲ್ಲಿ, ಮೋಟಾರು ಕಾರು ಹುಟ್ಟುವುದಕ್ಕೆ ಎಷ್ಟೋ ಮೊದಲು, ಹಬೆಯ ಬಂಡಿಗಾಗಿ ಇದಕ್ಕೆ ಪೇಟೆಂಟ್ ಪಡೆದನು.

ಈ ಗೂಡಿನಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವು ಕ್ರೌನ್ ಎಂಬ ದೊಡ್ಡ ಚಕ್ರವನ್ನು ತಿರುಗಿಸುತ್ತದೆ. ಅವುಗಳ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲದೆ ಜಾರುತ್ತವೆ. ಜಾರುವಾಗ ಅವುಗಳ ನಡುವಿನ ಒತ್ತಡ ಅಪಾರ. ಸಾಮಾನ್ಯವಾದ ಎಣ್ಣೆಯ ಪೊರೆ ಅಲ್ಲಿ ನಿಲ್ಲದೆ ಹಿಂಡಿಹೋಗುತ್ತದೆ. ಆದುದರಿಂದ ಈ ಗೇರ್ ಎಣ್ಣೆಯಲ್ಲಿ ಗಂಧಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಒತ್ತಡವೂ ಶಾಖವೂ ಹೆಚ್ಚಿದ ಕಡೆ ಅವು ಉಕ್ಕಿನೊಡನೆ ಕೂಡಿ, ಹಲ್ಲಿಗೆ ಹಲ್ಲು ಬೆಸೆದುಕೊಳ್ಳದಂತೆ ತೆಳುವಾದ ಒಂದು ಪದರವನ್ನು ಕಟ್ಟುತ್ತವೆ. ಡಬ್ಬಿಯನ್ನು ತೆರೆದೊಡನೆ ಮೂಗಿಗೆ ಬಡಿಯುವ ಕಟುವಾದ ವಾಸನೆ ಆ ಗಂಧಕದ್ದೇ. ಎಂಜಿನ್ನಿನ ಎಣ್ಣೆ ಕಡಮೆಯಾದರೆ ಮುಂದಿನ ಫಲಕದ ಮೇಲೆ ಮುಳ್ಳು ಇಳಿದು ಎಚ್ಚರಿಸುತ್ತದೆ. ಈ ಮೂರು ಪೆಟ್ಟಿಗೆಗಳಿಗಾದರೋ ಮುಳ್ಳೂ ಇಲ್ಲ, ದೀಪವೂ ಇಲ್ಲ. ನೆನಪಿಟ್ಟುಕೊಂಡು ನೋಡುವವರು ಇಲ್ಲದಿದ್ದರೆ ಅವು ಕೆಡುವವರೆಗೂ ಮೌನವಾಗಿ ದುಡಿಯುತ್ತವೆ.

ಇನ್ನು ಕಥೆಗೆ ಬರೋಣ. ೨೦೨೫ರ ಸೆಪ್ಟೆಂಬರ್ ೨೨ರ ರಾತ್ರಿ ಆರಂಭವಾದ ಮಳೆ ೨೩ರ ಬೆಳಗಾದರೂ ನಿಲ್ಲಲಿಲ್ಲ. ಇಪ್ಪತ್ತನಾಲ್ಕು ಗಂಟೆಗಳೊಳಗೆ ನಗರದಲ್ಲಿ ಸುಮಾರು ೨೫೦ ಮಿಲಿಮೀಟರ್ ಮಳೆ ಸುರಿಯಿತು. ಕೋಲ್ಕತ್ತವು ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರ್ ಎತ್ತರದಲ್ಲಿರುವ ಸಮತಟ್ಟಾದ ಊರು. ನದಿ ಪಕ್ಕದಲ್ಲಿಯೇ ಹರಿಯುತ್ತಿದ್ದರೂ ನೆಲದ ಇಳಿಜಾರು ಇರುವುದು ನದಿಗೆ ವಿಮುಖವಾಗಿ, ಪೂರ್ವದ ಜೌಗುಭೂಮಿಯ ಕಡೆಗೆ. ಹೂಗ್ಲಿ ನದಿಯಲ್ಲಿ ಉಬ್ಬರವಿದ್ದಾಗ ಚರಂಡಿಯ ತೂಬುಗಳನ್ನು ಮುಚ್ಚಬೇಕಾಗುತ್ತದೆ. ಇಲ್ಲದಿದ್ದರೆ ನದಿಯ ನೀರೇ ಊರೊಳಕ್ಕೆ ನುಗ್ಗುತ್ತದೆ. ಹೀಗಿರುವಲ್ಲಿ ಅಂಥ ಮಳೆಯ ನೀರು ಎಲ್ಲಿಗೆ ಹೋದೀತು? ನಮ್ಮ ಬೀದಿಯಲ್ಲಿ ಮೊಳಕಾಲು ಮುಳುಗುವಷ್ಟು ನಿಂತಿತು.

ಬೆಳಗಿನ ಜಾವದಲ್ಲಿ ಮೇಲಿನ ಮನೆಯವರು ಬಾಗಿಲು ತಟ್ಟಿದರು. ಅಲ್ಲಿರುವ ವೃದ್ಧೆಯನ್ನು ನಾವು ಬಂಗಾಳದ ರೂಢಿಯಂತೆ ಮಾಶಿಮಾ, ಎಂದರೆ ಚಿಕ್ಕಮ್ಮ, ಎಂದು ಕರೆಯುತ್ತೇವೆ. ಅವರಿಗೆ ಉಸಿರು ಕಟ್ಟುತ್ತಿತ್ತು. ಆಂಬುಲೆನ್ಸು ಬೀದಿಯ ತುದಿಯನ್ನು ಸಹ ಮುಟ್ಟುವಂತಿರಲಿಲ್ಲ. ನಡೆದು ಹೋಗುವುದಂತೂ ಪ್ರಾಣಕ್ಕೆ ಅಪಾಯ. ಆ ದಿನ ನಿಂತ ನೀರಿನಲ್ಲಿ ಹರಿದ ವಿದ್ಯುತ್ತು ನಗರದಲ್ಲಿ ಹಲವರನ್ನು ಬಲಿ ತೆಗೆದುಕೊಂಡಿತು. ತಂದೆಯವರು ಹಾಸಿಗೆಯ ಮೇಲೆ ಎದ್ದು ಕುಳಿತು, “ಜೀಪು ತೆಗೆಯಿರಿ. ಫ್ಯಾನಿನ ಪಟ್ಟಿಯನ್ನು ಸಡಿಲಿಸಿರಿ, ಇಲ್ಲದಿದ್ದರೆ ಅದು ಎಂಜಿನ್ನಿನ ಮೇಲೆ ನೀರನ್ನು ಎರಚೀತು. ನಾಲ್ಕು ಗಾಲಿಗಳ ಹಿಡಿಕೆಯನ್ನು ಹಾಕಿಕೊಂಡು, ಸಣ್ಣ ಗೇರಿನಲ್ಲಿ, ಎಲ್ಲಿಯೂ ನಿಲ್ಲಿಸದೆ ಹೋಗಿರಿ” ಎಂದರು. ಹಾಗೆಯೇ ಮಾಡಿದೆವು. ಎರಡೂ ಅಚ್ಚುಗಳು ನೀರಿನಲ್ಲಿ ಮುಳುಗಿದ್ದರೂ ಜೀಪು ಕೋಣದಂತೆ ನೀರನ್ನು ಸೀಳುತ್ತ ಸಾಗಿತು. ನಡುವೆ ಎತ್ತರದ ರಸ್ತೆಯೊಂದರಲ್ಲಿ ಸ್ವಲ್ಪ ದೂರ ಒಣನೆಲ ಸಿಕ್ಕಿತು, ಮತ್ತೆ ನೀರು. ಆಸ್ಪತ್ರೆಯ ಮುಂದೆ ಎರಡು ಗಂಟೆಗಳ ಕಾಲ ಜೀಪು ನೀರಿನಲ್ಲಿಯೇ ನಿಂತಿತು. ಮಾಶಿಮಾ ಬದುಕಿಕೊಂಡರು.

ಮನೆಗೆ ಮರಳಿದಾಗ ತಂದೆಯವರು ಆಡಿದ ಮಾತು ಒಂದೇ: “ನಾಳೆಯೇ ಮೂರು ಪೆಟ್ಟಿಗೆಗಳ ಎಣ್ಣೆಯನ್ನೂ ಬದಲಾಯಿಸಿರಿ.” ಕಾರಣವನ್ನೂ ವಿವರಿಸಿದರು. ಓಡುವಾಗ ಡಿಫರೆನ್ಷಿಯಲ್ ಬಿಸಿಯಾಗುತ್ತದೆ. ಅದರೊಳಗಿನ ಗಾಳಿ ಹಿಗ್ಗಿ, ಉಸಿರಾಟಕ್ಕೆಂದೇ ಇಟ್ಟಿರುವ ಸಣ್ಣ ರಂಧ್ರದಿಂದ ಹೊರಕ್ಕೆ ಹೋಗುತ್ತದೆ. ಬಿಸಿಯಾದ ಗೂಡು ಥಟ್ಟನೆ ತಣ್ಣೀರಿನಲ್ಲಿ ಮುಳುಗಿದರೆ ಗಾಳಿ ಕುಗ್ಗಿ, ಆ ರಂಧ್ರದಿಂದಲೂ ಸವೆದ ಸೀಲುಗಳ ಅಂಚಿನಿಂದಲೂ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ನೀರು ಬೆರೆತ ಎಣ್ಣೆ ಹಲ್ಲುಗಳನ್ನು ಕಾಯದು. ಉಕ್ಕಿಗೆ ತುಕ್ಕನ್ನು ತರಿಸುತ್ತದೆ.

ಎಲ್ಲವನ್ನೂ ಕೇಳಿದೆವು, ಒಪ್ಪಿದೆವು, ಆದರೆ ಮಾಡಲಿಲ್ಲ. ಮರುದಿನ ಮನೆಯನ್ನು ತೊಳೆಯುವ ಕೆಲಸವಿತ್ತು. ಅದರ ಮರುದಿನ, ಸೆಪ್ಟೆಂಬರ್ ೨೫ರ ಸಂಜೆ, ತಂದೆಯವರು ಲೆಕ್ಕದ ಪುಸ್ತಕವನ್ನು ತರಿಸಿ, “ಎಣ್ಣೆ ಬದಲಾಯಿಸಿ ಆಯಿತೇ?” ಎಂದು ಕೇಳಿದರು. ಪೂಜೆಯ ರಜೆಯಲ್ಲಿ ಮಾಡಿದರಾಯಿತು ಎಂದು ಮನಸ್ಸಿನಲ್ಲಿ ಅಂದುಕೊಂಡು ನಮ್ಮಲ್ಲಿ ಹಿರಿಯನು “ಆಯಿತು” ಎಂದನು. ಕಿರಿಯನು ಅವರು ಹೇಳಿದಂತೆ ಆ ದಿನಾಂಕವನ್ನೂ ಎಣ್ಣೆಯ ಅಳತೆಯನ್ನೂ ಬರೆದನು. ಸುಳ್ಳನ್ನು ಒಬ್ಬನು ಆಡಿದನು, ಒಬ್ಬನು ಬರೆದನು. ಆದುದರಿಂದ ಅದು ನಮ್ಮಿಬ್ಬರದೂ ಹೌದು. ಕಾಣದ ಕಣ್ಣುಗಳ ಎದುರಿನಲ್ಲಿ ಅದು ಎಷ್ಟು ಸುಲಭವಾಗಿತ್ತೆಂಬುದನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ.

ಪೂಜೆ ಬಂತು, ಪೂಜೆ ಹೋಯಿತು. ಅಕ್ಟೋಬರ್ ಎರಡನೆಯ ವಾರದಲ್ಲಿ ಜೀಪಿನ ಹಿಂಭಾಗದಿಂದ ಸಣ್ಣಗೆ ಕೊರಗುವಂಥ ಒಂದು ಸದ್ದು ಕೇಳತೊಡಗಿತು. ವೇಗ ಹೆಚ್ಚಿದರೆ ಸದ್ದೂ ಹೆಚ್ಚುತ್ತಿತ್ತು. ತಂದೆಯವರ ಕಿವಿಗೆ ಇದು ಬೀಳುವ ಮೊದಲೇ ಕೆಲಸವನ್ನು ಮುಗಿಸಿಬಿಡಬೇಕೆಂದು, ೧೧ನೆಯ ತಾರೀಖು ಶನಿವಾರ ಬೆಳಗ್ಗೆ ಐದು ಗಂಟೆಗೆ ಕಳ್ಳರಂತೆ ಎದ್ದು ಜೀಪಿನ ಕೆಳಗೆ ನುಸುಳಿದೆವು. ಆ ದಿನವೇ ಹತ್ತು ಗಂಟೆಗೆ ಮಾಶಿಮಾ ಅವರನ್ನು ವೈದ್ಯರಿಗೆ ತೋರಿಸಲು ಕರೆದುಕೊಂಡು ಹೋಗುವೆವೆಂದು ಮಾತು ಕೊಟ್ಟಿದ್ದೆವು.

ಡಿಫರೆನ್ಷಿಯಲ್ಲಿನ ಗೂಡಿಗೆ ಎರಡು ತಿರುಪಿನ ಬಿರಡೆಗಳುಂಟು. ಕೆಳಗಿನದು ಹಳೆಯ ಎಣ್ಣೆಯನ್ನು ಇಳಿಸುವುದಕ್ಕೆ. ಪಕ್ಕದಲ್ಲಿ ಮೇಲಿರುವುದು ಹೊಸ ಎಣ್ಣೆಯನ್ನು ತುಂಬುವುದಕ್ಕೆ. ಅವಸರದಲ್ಲಿ ನಾವು ಹಿಂದಿನ ಗೂಡಿನ ಕೆಳಗಿನ ಬಿರಡೆಯನ್ನು ಬಿಚ್ಚಿದೆವು. ಜೇನಿನ ಬಣ್ಣದಲ್ಲಿ ಇಳಿಯಬೇಕಾದ ಎಣ್ಣೆ ಹಾಲು ಹೆಚ್ಚಾದ ಕಾಫಿಯಂತೆ ಇಳಿಯಿತು. ಎದೆ ಧಸಕ್ಕೆಂದಿತು. ಇರಲಿ, ಹೊಸದನ್ನು ತುಂಬಿಬಿಡೋಣವೆಂದು ಮೇಲಿನ ಬಿರಡೆಗೆ ಕೈಹಾಕಿದೆವು. ಅದು ಕದಲಲಿಲ್ಲ. ತುಕ್ಕು ಹಿಡಿದು ಕಲ್ಲಿನಂತೆ ಕಚ್ಚಿಕೊಂಡಿತ್ತು. ಸ್ಪ್ಯಾನರಿನ ಹಿಡಿಗೆ ಕೊಳವೆಯನ್ನು ತೊಡಿಸಿ ತೂಗಿದೆವು. ಬಿರಡೆಯ ಮೂಲೆಗಳು ಸವೆದು ಗುಂಡಗಾದವು. ಸುತ್ತಿಗೆಯಿಂದ ಬಡಿದೆವು. ಎಣ್ಣೆಯೆಲ್ಲ ಬಾಣಲೆಯಲ್ಲಿ, ಗೂಡು ಬರಿದು, ತುಂಬುವ ದಾರಿ ಮುಚ್ಚಿದೆ! ಇನ್ನು ಜೀಪನ್ನು ಹತ್ತಿರದ ಕಾರ್ಖಾನೆಯವರೆಗೂ ಓಡಿಸುವಂತಿರಲಿಲ್ಲ.

ಸುತ್ತಿಗೆಯ ಸದ್ದಿಗೆ ತಂದೆಯವರು ಗೋಡೆಯನ್ನು ತಡವಿಕೊಂಡು ಹೊರಗೆ ಬಂದರು. ಏನೆಂದು ಕೇಳಲಿಲ್ಲ. ಬಾಣಲೆಯ ಬಳಿ ಕುಳಿತು ಬೆರಳನ್ನದ್ದಿ, ಹೆಬ್ಬೆರಳಿನೊಡನೆ ಉಜ್ಜಿ, ಮೂಸಿ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹದಿನಾರು ದಿನಗಳ ಹಿಂದೆ ಹಾಕಿದ ಎಣ್ಣೆಗೆ ನೀರು ಎಲ್ಲಿಂದ ಬಂತು?” ಎಂದರು.

ನಮ್ಮ ಬಾಯಿಂದ ಮಾತು ಹೊರಡಲಿಲ್ಲ.

“ತುಂಬುವ ಬಿರಡೆಯನ್ನು ಮೊದಲು ಸಡಿಲಿಸಿ ನೋಡಿದಿರಾ?”

“ಇಲ್ಲ, ಅಪ್ಪ.”

“ಸರಿ. ಮಾಶಿಮಾ ಅವರಿಗೆ ಟ್ಯಾಕ್ಸಿ ತನ್ನಿ. ಜೀಪು ಎಲ್ಲಿಗೂ ಹೋಗದು.”

ಬೈದಿದ್ದರೆ ಹಗುರವಾಗುತ್ತಿತ್ತು. ಅಂಬಾಸಿಡರ್ ಕಾರಿನ ತಯಾರಿಕೆ ಉತ್ತರಪಾಡಾದ ಕಾರ್ಖಾನೆಯಲ್ಲಿ ೨೦೧೪ರಲ್ಲಿಯೇ ನಿಂತು, ಹಳದಿ ಬಣ್ಣದ ಆ ಟ್ಯಾಕ್ಸಿಗಳು ವಿರಳವಾಗಿವೆ. ಅರ್ಧ ಗಂಟೆ ಅಲೆದು ಒಂದನ್ನು ಹಿಡಿದು ತಂದೆವು. ಮೆಟ್ಟಲಿಳಿದು ಬಂದ ಮಾಶಿಮಾ ಇಟ್ಟಿಗೆಗಳ ನಡುವೆ ನಿಂತಿದ್ದ ಜೀಪಿನ ಮೂತಿಯನ್ನು ಸವರಿ, “ಪಾಪ, ನನ್ನನ್ನು ಹೊತ್ತುಕೊಂಡು ಹೋಗಿ ಇದಕ್ಕೆ ಕಾಯಿಲೆಯಾಯಿತು” ಎಂದು ಬಂಗಾಳಿಯಲ್ಲಿ ಮರುಗಿದರು. ಕಾಯಿಲೆಗೆ ಕಾರಣರಾದ ನಾವು ಬಾಗಿಲು ತೆರೆದು ಹಿಡಿದುಕೊಂಡು ನಿಂತಿದ್ದೆವು.

ಹಳೆಯ ಮೋಟಾರುಗಳ ಬಿಡಿಭಾಗಗಳಿಗೆ ಹೆಸರಾದ ಮಲ್ಲಿಕ್ ಬಜಾರಿನಿಂದ ಒಬ್ಬ ಮಿಸ್ತ್ರಿಯನ್ನು ಕರೆತಂದೆವು. ಆತನು ಬಿರಡೆಯ ಸುತ್ತ ತುಕ್ಕು ಬಿಡಿಸುವ ಎಣ್ಣೆಯನ್ನು ಹನಿಸಿ ಒಂದು ರಾತ್ರಿ ನೆನೆಯಲು ಬಿಟ್ಟನು. ಮರುದಿನ ಹೊಸದೊಂದು ಬಲವಾದ ಹಿಡಿತವನ್ನು ತೊಡಿಸಿ, ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು, ಬಳಿಕ ಸಡಿಲಿಸುವ ದಿಕ್ಕಿಗೆ, ಹೀಗೆ ಹಿಂದುಮುಂದಾಗಿ ತಿರುಗಿಸಿ ಬಿಡಿಸಿದನು. ತಂದೆಯವರು ಅಯಸ್ಕಾಂತದ ತುಂಡೊಂದನ್ನು ಕಾಗದದಲ್ಲಿ ಸುತ್ತಿ ಹಳೆಯ ಎಣ್ಣೆಯಲ್ಲಿ ಆಡಿಸಿದರು. ಅಂಟಿದ ಉಕ್ಕಿನ ಪುಡಿ ರಾಗಿಹಿಟ್ಟಿನಂತೆ ನುಣ್ಣಗಿದ್ದರೆ ಅದು ಸಹಜವಾದ ಸವೆತ. ಅಕ್ಕಿಯ ನುಚ್ಚಿನಂಥ ಚೂರುಗಳಿದ್ದರೆ ಹಲ್ಲು ಮುರಿದಿದೆಯೆಂದು ಅರ್ಥ. ನಮ್ಮ ಪುಣ್ಯಕ್ಕೆ ಚೂರುಗಳಿರಲಿಲ್ಲ. ಪಿನಿಯನ್ನಿನ ಬೇರಿಂಗು ಮಾತ್ರ ತುಕ್ಕಿನಿಂದ ಕುಳಿಬಿದ್ದು ಬದಲಾಯಿಸಬೇಕಾಯಿತು. ಮುಂದಿನ ಡಿಫರೆನ್ಷಿಯಲ್ಲಿನಲ್ಲಿಯೂ ನೀರು ಸೇರಿತ್ತು. ತುಸು ಎತ್ತರದಲ್ಲಿರುವ ಟ್ರಾನ್ಸ್‌ಫರ್ ಪೆಟ್ಟಿಗೆಗೆ ಸೇರಿರಲಿಲ್ಲ. ಆದರೂ ಮೂರನ್ನೂ ಬರಿದುಮಾಡಿ ತುಂಬಿದೆವು.

ಈ ಸಲ ಕೆಲಸವನ್ನು ಕಲಿತ ಕ್ರಮವನ್ನು ನಿಮಗೂ ತಿಳಿಸುತ್ತೇವೆ. ಮುಂದೆ ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾದೀತು. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಗಾಲಿಗಳಿಗೆ ಇಟ್ಟಿಗೆಯ ತಡೆ ಕೊಡಬೇಕು. ಬರಿಯ ಜಾಕಿಯನ್ನು ನಂಬಿ ಗಾಡಿಯ ಕೆಳಗೆ ಎಂದಿಗೂ ಹೋಗಬಾರದು. ತುಂಬುವ ಬಿರಡೆ ತೆರೆಯುವುದೆಂದು ಖಚಿತವಾದ ಮೇಲೆಯೇ ಇಳಿಸುವ ಬಿರಡೆಯನ್ನು ಮುಟ್ಟಬೇಕು. ಸ್ವಲ್ಪ ಓಡಿಸಿ ಬೆಚ್ಚಗಾದ ಎಣ್ಣೆ ಬೇಗನೆ ಇಳಿಯುತ್ತದೆ, ಕೊಳೆಯನ್ನೂ ಹೊತ್ತು ತರುತ್ತದೆ. ಕೆಳಗಿನ ಬಿರಡೆಯನ್ನು ಬಿಗಿದು, ಕೈಪಂಪಿನಿಂದ ಹೊಸ ಎಣ್ಣೆಯನ್ನು ಮೇಲಿನ ರಂಧ್ರದ ಅಂಚಿನವರೆಗೆ, ಅದು ತಾನಾಗಿಯೇ ಹೊರಕ್ಕೆ ಜಿನುಗುವವರೆಗೆ, ತುಂಬಬೇಕು. ನಮ್ಮ ಜೀಪಿನ ಮೂರು ಪೆಟ್ಟಿಗೆಗಳಿಗೂ ಸೇರಿ ಬೇಕಾದುದು ನಾಲ್ಕು ಲೀಟರಿನಷ್ಟು. ಯಾವ ಗಾಡಿಗೆ ಯಾವ ಎಣ್ಣೆಯೆಂಬುದನ್ನು ಅದರ ಕೈಪಿಡಿಯಲ್ಲಿ ನೋಡಿಯೇ ಕೊಳ್ಳಬೇಕು. ಹಳೆಯ ಪೆಟ್ಟಿಗೆಗಳಲ್ಲಿ ಕಂಚಿನ ಬಳೆಗಳಿರುವುದುಂಟು. ಗಂಧಕ ಹೆಚ್ಚಿರುವ ಎಣ್ಣೆ ಉಕ್ಕಿಗೆ ಹಿತವಾದರೂ ಕಂಚನ್ನು ಕೊರೆಯಬಹುದು. ನೀರು ಹೊಕ್ಕಿದ್ದ ಗೂಡುಗಳಿಗೆ ಮೊದಲು ತುಂಬಿದ ಎಣ್ಣೆಯನ್ನು ನೂರು ಕಿಲೋಮೀಟರ್ ಓಡಿಸಿ ಇಳಿಸಿಬಿಟ್ಟು ಮತ್ತೊಮ್ಮೆ ತುಂಬಿದೆವು. ಅಂಟಿಕೊಂಡಿದ್ದ ತೇವವೂ ಅದರೊಡನೆ ಹೋಯಿತು.

ಹಳೆಯ ಎಣ್ಣೆಯನ್ನು ಬಚ್ಚಲಿಗೆ ಸುರಿಯಲು ಹೊರಟ ಕಿರಿಯನನ್ನು ತಂದೆಯವರು ತಡೆದರು. ಕೋಲ್ಕತ್ತದ ಚರಂಡಿಯ ನೀರು ಊರಿನ ಪೂರ್ವಕ್ಕಿರುವ ಜೌಗುಭೂಮಿಗೆ ಹರಿದು, ಅಲ್ಲಿನ ದೊಡ್ಡ ದೊಡ್ಡ ಕೆರೆಗಳಲ್ಲಿ ಬಿಸಿಲಿನಿಂದಲೂ ಪಾಚಿಯಿಂದಲೂ ತಿಳಿಯಾಗಿ ಮೀನುಗಳನ್ನು ಸಾಕುತ್ತದೆ. ೨೦೦೨ರಲ್ಲಿ ರಾಮ್‌ಸಾರ್ ಒಪ್ಪಂದದ ಪಟ್ಟಿಗೆ ಸೇರಿದ ಆ ಭೂಮಿ ಜಗತ್ತಿಗೇ ಒಂದು ಮಾದರಿ. ನಾವು ಬಚ್ಚಲಿಗೆ ಸುರಿದುದು ಯಾರದೋ ತಟ್ಟೆಯ ಮೀನಿಗೆ ಸೇರುತ್ತದೆ. ಎಣ್ಣೆಯನ್ನು ಡಬ್ಬಿಗಳಲ್ಲಿ ತುಂಬಿ, ಹಳೆಯ ಎಣ್ಣೆಯನ್ನು ಶುದ್ಧಿಗೆಂದು ಕೊಳ್ಳುವವರಿಗೆ ಕೊಟ್ಟೆವು.

ಎಲ್ಲವೂ ಮುಗಿದ ಸಂಜೆ ತಂದೆಯವರು ಲೆಕ್ಕದ ಪುಸ್ತಕವನ್ನು ತರಲು ಹೇಳಿದರು. ಕಿರಿಯನು ಸೆಪ್ಟೆಂಬರ್ ೨೫ರ ಆ ಸಾಲನ್ನು ಅಳಿಸಲೆಂದು ರಬ್ಬರನ್ನು ಕೈಗೆತ್ತಿಕೊಂಡನು; ಅದರ ಸದ್ದನ್ನು ಅವರು ಹೇಗೆ ಗುರುತಿಸಿದರೋ ತಿಳಿಯದು.

“ಅಳಿಸಬೇಡ. ತಪ್ಪು ಬರೆದುದನ್ನು ಲೆಕ್ಕದವರು ಅಳಿಸುವುದಿಲ್ಲ. ಓದಲು ಬರುವಂತೆ ಅದರ ಮೇಲೆ ಒಂದೇ ಗೆರೆ ಎಳೆದು, ಕೆಳಗೆ ಸರಿಯಾದುದನ್ನು ಬರೆ. ಇಬ್ಬರೂ ರುಜು ಮಾಡಿರಿ.”

ಹಾಗೆಯೇ ಮಾಡಿದೆವು. ೧೯೮೨ರಿಂದ ಬೆಳೆದು ಬಂದಿರುವ ಆ ಪುಸ್ತಕದಲ್ಲಿ ಗೆರೆ ಎಳೆದ ಸಾಲು ಅದೊಂದೇ. ಈಗ ಮಳೆಗಾಲದ ಮೊದಲೊಮ್ಮೆ, ಮುಗಿದ ಮೇಲೊಮ್ಮೆ, ನಾವಿಬ್ಬರೂ ಜೀಪಿನ ಕೆಳಗೆ ನುಸುಳಿ ಮೇಲಿನ ಬಿರಡೆಗಳನ್ನು ಮೊದಲು ತೆರೆದು ಎಣ್ಣೆಯ ಬಣ್ಣವನ್ನು ನೋಡುತ್ತೇವೆ. ತಂದೆಯವರು ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು ಕೈ ಚಾಚುತ್ತಾರೆ. ನಾವು ಅವರ ಬೆರಳಿನ ಮೇಲೆ ಒಂದು ಹನಿಯನ್ನು ಇಡುತ್ತೇವೆ. ಅವರು ಉಜ್ಜಿ ನೋಡಿ, “ಬರೆದುಕೊಳ್ಳಿ” ಎಂದ ಮೇಲೆಯೇ ಬರೆಯುತ್ತೇವೆ.